ಡಿಗ್ರಿ ಮ್ಯಾಕ್ರೋ ಎಕನಾಮಿಕ್ಸ್: ದಾವಣಗೆರೆ ಜೂನಿಯರ್ಸ್ ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ಸಲ ಇಂಟರ್ನಲ್ಸ್ ಹತ್ರ ಬಂದಾಗ ಅದೇ ಪ್ರಶ್ನೆಗಳು, ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲು ಬಿದ್ದೋಯ್ತು, ಅದಕ್ಕೆ ಈ ಸಲ ಬರೆದೇ ಇಟ್ಟಿದೀನಿ. ನಾನೇನು ರ‍್ಯಾಂಕ್ ಸ್ಟೂಡೆಂಟ್ ಅಲ್ಲ, ಮೊದಲ್ನೇ ಇಂಟರ್ನಲ್ಸಲ್ಲಿ 20ಕ್ಕೆ 7 ತಗಂಡೋನು. ಆಮೇಲೆ ಹೆಂಗೆ ದಾರಿ ಸಿಕ್ತು ಅನ್ನೋದಷ್ಟೇ ಇಲ್ಲಿರೋದು.

ಪಿಯುಸಿ ಎಕನಾಮಿಕ್ಸಲ್ಲಿ 90ರ ಮೇಲೆ ಬಂದಿತ್ತು, ಇದ್ಯಾಕೆ ತಲೆಗೇ ಹೋಗ್ತಿಲ್ಲ?

ಯಾಕಂದ್ರೆ ಅಲ್ಲಿ ಡೆಫಿನಿಷನ್ ಬಾಯಿಪಾಠ ಮಾಡಿದ್ರೆ ನಡೀತಿತ್ತು. ಇಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ ಇರ್ತಾವೆ, ಎರಡೂ ಸರೀನೇ. ಸರ್ಕಾರ ಖರ್ಚು ಜಾಸ್ತಿ ಮಾಡಿದ್ರೆ ಉತ್ಪಾದನೆ ಏರುತ್ತಾ? ಒಂದು ಚಾಪ್ಟರ್ ಹೂಂ ಅನ್ನುತ್ತೆ, ಇನ್ನೊಂದು ಚಾಪ್ಟರ್ ಇಲ್ಲ ಬರೀ ಬಡ್ಡಿ ಏರುತ್ತೆ ಅನ್ನುತ್ತೆ. ನಾನು ಆ 7 ಮಾರ್ಕ್ಸ್ ತಗಂಡಿದ್ದು ಈ ಎರಡನ್ನೂ ಕಲಸಿ ಒಂದೇ ಉತ್ತರದಲ್ಲಿ ಬರೆದಿದ್ದಕ್ಕೆ.

ವ್ಯತ್ಯಾಸ ಎಲ್ಲಿದೆ ಅಂದ್ರೆ, ಯಾವುದು ಅಲ್ಲಾಡಲ್ಲ ಅಂತ ಹಿಡ್ಕಂಡಿದಾರೆ ಅನ್ನೋದ್ರಲ್ಲಿ. ಒಂದು ಮಾಡೆಲಲ್ಲಿ ಬೆಲೆ ಅಲ್ಲಾಡಲ್ಲ, ಉತ್ಪಾದನೆ ಅಲ್ಲಾಡುತ್ತೆ. ಇನ್ನೊಂದ್ರಲ್ಲಿ ಉತ್ಪಾದನೆ ಫಿಕ್ಸ್, ಬೆಲೆ ಬಡ್ಡಿ ಅಲ್ಲಾಡ್ತಾವೆ. ಯಾವ ಚಾಪ್ಟರ್ ಓದಿದ್ರೂ ಮೊದಲು ಪುಟದ ಮೇಲೆ ಪೆನ್ಸಿಲಲ್ಲಿ ಬರ್ಕಳಿ: ಇಲ್ಲಿ ಅಲ್ಲಾಡ್ದೇ ಇರೋದು ಏನು? ನಾನು ಕೆಳಗೆ ಹೇಳೋ ಮುಕ್ಕಾಲು ಪಾಲು ಇದೇ ಒಂದು ಮಾತು, ಬೇರೆ ಬೇರೆ ವೇಷದಲ್ಲಿ.

ಕನ್ನಡ ಮೀಡಿಯಂ. ಇಂಗ್ಲಿಷ್ ಪದಗಳೇ ದೊಡ್ಡ ಗೋಡೆ. ಏನ್ ಮಾಡ್ಲಿ?

ನಿಜ ಹೇಳ್ಬೇಕಂದ್ರೆ ಕನ್ನಡ ಪದಗಳೂ ಕೆಲವು ಸಲ ಗೋಡೇನೇ. "ಸೀಮಾಂತ ಅನುಭೋಗ ಪ್ರವೃತ್ತಿ" ಅಂದ್ರೆ ಯಾವ ಊರಲ್ಲಿ ಮಾತಾಡ್ತಾರೆ ಹೇಳಿ. ಕೈಗೆ ಇನ್ನೊಂದು ನೂರು ರೂಪಾಯಿ ಬಂದ್ರೆ ಅದ್ರಲ್ಲಿ ಎಷ್ಟು ಖರ್ಚು ಮಾಡ್ತೀರಿ, ಅಷ್ಟೇ ಅದು. 80 ಖರ್ಚಾದ್ರೆ 0.8. ಹಂಗೇ ಹಣದುಬ್ಬರ, ಗುಣಕ, ಸಮಗ್ರ ಬೇಡಿಕೆ, ಒಂದು ನಲವತ್ತು ಪದ ಇರ್ಬಹುದು. ನೋಟ್‌ಬುಕ್ಕಿನ ಕೊನೇ ಎರಡು ಪುಟದಲ್ಲಿ ಇಂಗ್ಲಿಷ್ ಪದ, ಕನ್ನಡ ಪದ, ಪಕ್ಕಕ್ಕೆ ಮನೇಲಿ ಅಮ್ಮಂಗೆ ಹೇಳಿದ್ರೆ ಹೆಂಗೆ ಹೇಳ್ತೀರೋ ಆ ವಾಕ್ಯ, ಮೂರನ್ನೂ ಬರ್ಕಳಿ. ಮೂರನೇದು ಬರೆಯೋಕೆ ಆಗ್ಲಿಲ್ಲ ಅಂದ್ರೆ ಆ ಪದ ಇನ್ನೂ ಅರ್ಥ ಆಗಿಲ್ಲ ಅಂತ.

ಮ್ಯಾತ್ಸ್ ಎಷ್ಟು ಬರ್ಬೇಕು?

ಎರಡು ಸಮೀಕರಣ ಬಿಡಿಸೋದು, ಗೆರೆಯ ಇಳಿಜಾರು ಅಂದ್ರೇನು, ಶೇಕಡಾವಾರು ಬದಲಾವಣೆ. ಡೆರಿವೇಟಿವ್ ಗೊತ್ತಿದ್ರೆ ಒಳ್ಳೇದು, ಇಲ್ದಿದ್ರೂ ಸಾಯಲ್ಲ. ಹತ್ತನೇ ಕ್ಲಾಸ್ ಮ್ಯಾತ್ಸ್ ಗಟ್ಟಿ ಇದ್ರೆ ಸಾಕು.

ಅಪ್ಪ ಶಾಮನೂರು ರೋಡ್ ಕಡೆ ಸೈಟ್ ತಗಂಡ್ರು. ಅದು ಇನ್ವೆಸ್ಟ್‌ಮೆಂಟ್ ಅಲ್ವಂತೆ, ಹೆಂಗೆ?

ಮನೇಲಿ ಇದನ್ನ ಹೇಳೋಕೆ ಹೋಗ್ಬೇಡಿ, ಬೈಸ್ಕಂತೀರಿ. ಆದ್ರೆ ಮ್ಯಾಕ್ರೋ ಲೆಕ್ಕದಲ್ಲಿ ಅಲ್ಲ. ಹಳೇ ಓನರ್ ಕೈಯಿಂದ ನಿಮ್ಮಪ್ಪನ ಕೈಗೆ ಜಾಗ ಬಂತು, ದುಡ್ಡು ಆ ಕಡೆ ಹೋಯ್ತು, ದೇಶದಲ್ಲಿ ಹೊಸದಾಗಿ ಏನೂ ಹುಟ್ಲಿಲ್ಲ. ಬ್ರೋಕರ್ ಕಮಿಷನ್ ಮಾತ್ರ ಜಿಡಿಪಿಗೆ ಸೇರುತ್ತೆ, ಅದು ಈ ವರ್ಷದ ಸೇವೆ. ಅದೇ ಸೈಟಲ್ಲಿ ಮನೆ ಕಟ್ಸಿದ್ರೆ ಅದು ಹೂಡಿಕೆ. ಎಫ್‌ಡಿ ಇಟ್ರೆ ಅದು ಉಳಿತಾಯ. ಬಂಗಾರದ ಕತೆ ಬೇರೆ, ನಮ್ಮ ದೇಶದ ಲೆಕ್ಕದಲ್ಲಿ ಬಂಡವಾಳದ ಕೆಳಗೆ ಬೆಲೆಬಾಳೋ ವಸ್ತುಗಳು ಅಂತ ಅದಕ್ಕೊಂದು ಬೇರೆ ಸಾಲೇ ಇದೆ.

ಇಲ್ಲಿ ಎಲ್ರೂ ಬಿಟ್ಬಿಡೋದು ದಾಸ್ತಾನು. ಈ ವರ್ಷ ಬೆಳೆದು ಇನ್ನೂ ಮಾರಾಟ ಆಗ್ದೇ ಗೋಡೌನಲ್ಲಿ ಬಿದ್ದಿರೋ ಮೆಕ್ಕೆಜೋಳನೂ ಹೂಡಿಕೇನೇ, ದಾಸ್ತಾನಿನ ಹೂಡಿಕೆ. ಇದು ಗೊತ್ತಾದ್ರೆ ಕೇನ್ಸ್ ಕ್ರಾಸ್ ಚಿತ್ರ (ಒಟ್ಟು ಖರ್ಚು, ಒಟ್ಟು ಉತ್ಪಾದನೆ ಎಲ್ಲಿ ಸಮ ಆಗ್ತಾವೆ ಅಂತ 45 ಡಿಗ್ರಿ ಗೆರೆ ಹಾಕಿ ತೋರ್ಸೋದು) ತಾನಾಗೇ ಬಿಚ್ಕಳುತ್ತೆ. ಮಂಡಕ್ಕಿ ಭಟ್ಟಿಯವ್ರು ಇವತ್ತು ನೂರು ಚೀಲ ಹುರಿದ್ರು ಅಂದ್ಕಳಿ, ಎಂಬತ್ತೇ ಹೋಯ್ತು, ಇಪ್ಪತ್ತು ಉಳೀತು. ಆ ಇಪ್ಪತ್ತು ಅವ್ರು ಬೇಕಂತ ಇಟ್ಕಂಡಿದ್ದಲ್ಲ. ನಾಳೆ ಏನ್ ಮಾಡ್ತಾರೆ? ರೇಟ್ ಇಳಿಸಲ್ಲ, ಕಮ್ಮಿ ಹುರೀತಾರೆ. ಬೇಡಿಕೆ ಕಮ್ಮಿ ಆದಾಗ ಬೆಲೆ ಬದಲು ಉತ್ಪಾದನೆ ಇಳಿಯೋದು ಅಂದ್ರೆ ಇದೇ, 45 ಡಿಗ್ರಿ ಗೆರೆ ಹೇಳೋದೂ ಇದನ್ನೇ.

ಬೆಲೆ ಅಲ್ಲಾಡಲ್ಲ ಅಂತಾರಲ್ಲ, ತರಕಾರಿ ರೇಟ್ ದಿನಾ ಬದಲಾಗುತ್ತಲ್ಲ?

ಎಲ್ಲಾ ಬೆಲೆನೂ ಅಂಟ್ಕಂಡಿರುತ್ತೆ ಅಂತ ಯಾರೂ ಹೇಳಿಲ್ಲ. ಎಪಿಎಂಸೀಲಿ ಈರುಳ್ಳಿ ರೇಟ್ ಬೆಳಗ್ಗೆ ಒಂದು ಮಧ್ಯಾಹ್ನ ಒಂದು. ಆದ್ರೆ ಬೆಣ್ಣೆ ದೋಸೆ ಹೋಟ್ಲಿಗೆ ಹೋಗಿ ಗೋಡೆ ಮೇಲಿನ ಬೋರ್ಡ್ ನೋಡಿ. ಬೆಣ್ಣೆ ರೇಟ್ ಏರಿದ ಮಾರನೇ ದಿನ ದೋಸೆ ರೇಟ್ ಏರಲ್ಲ, ಓನರ್ ಪಕ್ಕದ ಹೋಟ್ಲು ಏನ್ ಮಾಡುತ್ತೆ ಅಂತ ಕಾಯ್ತಾನೆ, ಗಿರಾಕಿ ಮುನಿಸ್ಕಂತಾರೆ ಅಂತ ಹೆದ್ರುತಾನೆ, ಸ್ವಲ್ಪ ದಿನ ಲಾಭ ಕಮ್ಮಿ ಮಾಡ್ಕಂತಾನೆ, ಬೇಕಿದ್ರೆ ದೋಸೆ ಮೇಲಿನ ಬೆಣ್ಣೆ ಉಂಡೆ ಸಣ್ಣದಾಗುತ್ತೆ (ಇದನ್ನ ನಾನು ಅಳೆದಿಲ್ಲ, ಡೌಟ್ ಅಷ್ಟೇ), ಆಮೇಲೆ ಒಂದು ದಿನ ಹಳೇ ರೇಟ್ ಮೇಲೆ ಸ್ಟಿಕ್ಕರ್ ಅಂಟಿಸಿ ಒಮ್ಮೆಲೇ ಐದೋ ಹತ್ತೋ ಏರಿಸ್ತಾನೆ. ಆ ಸ್ಟಿಕ್ಕರ್ ಅಂಟಿಸೋವರೆಗಿನ ಟೈಮ್ ಇದೆಯಲ್ಲ, ಅದೇ ಅಲ್ಪಾವಧಿ. ಎಲ್ಲಾ ಬೋರ್ಡೂ ಬದಲಾದ್ಮೇಲೆ ದೀರ್ಘಾವಧಿ. ಅಲ್ಪಾವಧಿ ಅಂದ್ರೆ ಆರು ತಿಂಗ್ಳಾ ಒಂದು ವರ್ಷನಾ ಅಂತ ಕೇಳ್ಬೇಡಿ, ಅದು ಕ್ಯಾಲೆಂಡರ್ ಅಲ್ಲ. ಸಂಬಳಾನೂ ಹಿಂಗೇ, ವರ್ಷಕ್ಕೊಂದ್ಸಲ ಮಾತಾಡ್ಕಂಡ ಕೂಲಿ ತಿಂಗ್ಳಿಗೊಂದ್ಸಲ ಬದಲಾಗಲ್ಲ.

ಗುಣಕ 5 ಬಂತು. ಅಂದ್ರೆ ಸರ್ಕಾರ ನೂರು ಹಾಕಿದ್ರೆ ಐನೂರು ಆಗುತ್ತಾ? ನಂಬಿಕೆ ಬರಲ್ಲ.

ನಂಬ್ಬೇಡಿ, ಸರಿಯಾಗೇ ಡೌಟ್ ಪಟ್ಟಿದೀರಿ. ಮೇಲೆ ಹೇಳಿದ ನೂರಕ್ಕೆ 80 ಖರ್ಚು ತಗಂಡ್ರೆ 1 ಭಾಗಿಸು (1 − 0.8) ಅಂದ್ರೆ 5, ಅದು ತೆರಿಗೆ ಇಲ್ಲ, ಆಮದು ಇಲ್ಲ, ಬಡ್ಡಿ ಅಲ್ಲಾಡಲ್ಲ, ಬೆಲೆ ಅಲ್ಲಾಡಲ್ಲ ಅನ್ನೋ ಲೋಕದಲ್ಲಿ. ಆದಾಯದ ಮೇಲೆ 25% ತೆರಿಗೆ ಹಾಕಿ, ಕೈಗೆ ಸಿಗೋ 75 ರೂಪಾಯಲ್ಲಿ 0.8 ಅಂದ್ರೆ 60 ಖರ್ಚು, ಗುಣಕ 2.5ಕ್ಕೆ ಇಳೀತು. ಇನ್ನೂ 10 ರೂಪಾಯಿ ಹೊರದೇಶದ ಸಾಮಾನಿಗೆ ಹೋದ್ರೆ 2. ಅರ್ಧಕ್ಕಿಂತ ಕಮ್ಮಿ ಆಗೋಯ್ತು ನೋಡಿ.

ನಮ್ಮ ಜಿಲ್ಲೆ ಲೆವೆಲ್ಲಿಗೆ ಬಂದ್ರೆ ಇನ್ನೂ ಸೋರಿಕೆ. ಮೆಕ್ಕೆಜೋಳದ ದುಡ್ಡು ಕೈಗೆ ಬಂದಾಗ ದಾವಣಗೆರೆ ಪೇಟೇಲಿ ಕಾಲಿಡೋಕೆ ಜಾಗ ಇರಲ್ಲ, ಬಟ್ಟೆ, ಮೊಬೈಲು, ಟ್ರ್ಯಾಕ್ಟರ್ ಕಂತು, ಎಲ್ಲಾ. ಆದ್ರೆ ಆ ಬಟ್ಟೆ ನೇಯ್ದಿದ್ದು ಎಲ್ಲೋ, ಮೊಬೈಲ್ ಜೋಡಿಸಿದ್ದು ಎಲ್ಲೋ, ಕಂತು ಹೋಗಿದ್ದು ಎಲ್ಲಿಗೋ, ಊರಲ್ಲಿ ಉಳಿಯೋದು ಅಂಗಡಿಯವ್ನ ಮಾರ್ಜಿನ್ನು, ಸೇಲ್ಸ್ ಹುಡುಗ್ರ ಸಂಬಳ, ದೋಸೆ, ಟೀ. ನೂರು ರೂಪಾಯಲ್ಲಿ 20 ಮಾತ್ರ ಊರೊಳಗೇ ಸುತ್ತುತ್ತೆ ಅಂತ ಇಟ್ಕಂಡ್ರೆ ಗುಣಕ 1.25. ಹತ್ತಿ ಗಿರಣಿಗಳು ಓಡ್ತಿದ್ದ ಕಾಲ್ದಲ್ಲಿ, ಅಂದ್ರೆ ದಾವಣಗೆರೇನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ ಆಗ, ಬಟ್ಟೆ ದುಡ್ಡಲ್ಲಿ ಒಂದು ಪಾಲು ಇಲ್ಲೇ ಸುತ್ತುತಿತ್ತು, ಸೋರಿಕೆ ಕಮ್ಮಿ ಇತ್ತು ಅಂತ ನನ್ನ ಲೆಕ್ಕ. ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಇದನ್ನ ತಗಳ್ಳಿ, ಯಾರಾದ್ರೂ ಮಾಡಿದ್ರೆ ನನಗೂ ತೋರ್ಸಿ.

ಐಎಸ್–ಎಲ್ಎಂ ಬಾಯಿಪಾಠ ಮಾಡಿದೀನಿ, ಆದ್ರೂ ಪ್ರಶ್ನೆ ತಿರುಗಿಸಿ ಕೇಳಿದ್ರೆ ಕೈ ನಡುಗುತ್ತೆ.

ಇದೇ ಈ ಪೇಪರಿನ ಹೊಟ್ಟೆ, ನಿಧಾನಕ್ಕೆ ಓದಿ. ಐಎಸ್ ಅಂದ್ರೆ ಸಾಮಾನಿನ ಮಾರುಕಟ್ಟೆ ಸಮ ಆಗೋ ಗೆರೆ, ಎಲ್ಎಂ ಅಂದ್ರೆ ಹಣದ ಮಾರುಕಟ್ಟೆ ಸಮ ಆಗೋ ಗೆರೆ. ಕೇನ್ಸ್ ತನ್ನ ಜನರಲ್ ಥಿಯರಿ ಬರೆದಿದ್ದು 1936ರಲ್ಲಿ, ಅದ್ರಲ್ಲಿ ಈ ಎರಡು ಗೆರೆ ಚಿತ್ರ ಇಲ್ಲ. ಮಾರನೇ ವರ್ಷ 1937ರಲ್ಲಿ ಹಿಕ್ಸ್ ಒಂದು ಲೇಖನದಲ್ಲಿ ಅದನ್ನ ಎರಡು ಗೆರೆಗೆ ಇಳಿಸಿದ. ನಾವು ಪರೀಕ್ಷೇಲಿ ಬರೆಯೋದು ಹಿಕ್ಸ್ ಚಿತ್ರದ ಮರಿಮೊಮ್ಮಗ.

ಅಂಕಿ ಹಾಕಿ ನೋಡೋಣ, ಬರೀ ಗೆರೆ ನೋಡಿದ್ರೆ ಯಾರಿಗೂ ಅರ್ಥ ಆಗಲ್ಲ. ಬಳಕೆ = 100 + 0.8 × (ಆದಾಯ − ತೆರಿಗೆ). ತೆರಿಗೆ 100, ಸರ್ಕಾರದ ಖರ್ಚು 100. ಹೂಡಿಕೆ = 200 − 10 × ಬಡ್ಡಿ. ಕೂಡಿಸಿ ಬಿಡಿಸಿದ್ರೆ ಆದಾಯ = 1600 − 50 × ಬಡ್ಡಿ, ಇದು ಐಎಸ್. ಹಣದ ಕಡೆ: ಜನ ಇಟ್ಕಳ್ಳೋಕೆ ಬಯಸೋ ಹಣ = 0.5 × ಆದಾಯ − 25 × ಬಡ್ಡಿ, ಇರೋ ಹಣ 500. ಬಿಡಿಸಿದ್ರೆ ಆದಾಯ = 1000 + 50 × ಬಡ್ಡಿ, ಇದು ಎಲ್ಎಂ. ಎರಡನ್ನೂ ಸಮ ಮಾಡಿ: ಬಡ್ಡಿ 6, ಆದಾಯ 1300.

ಈಗ ಸರ್ಕಾರದ ಖರ್ಚು 40 ಏರಿಸಿ. ಗುಣಕ 5, ಹಂಗಾದ್ರೆ ಆದಾಯ 200 ಏರ್ಬೇಕಿತ್ತಲ್ಲ? ಐಎಸ್ 1800 − 50 × ಬಡ್ಡಿ ಆಗುತ್ತೆ, ಬಿಡಿಸಿದ್ರೆ ಬಡ್ಡಿ 8, ಆದಾಯ 1400. ನೂರೇ ಏರಿದ್ದು. ಉಳಿದ ನೂರು ಎಲ್ಲಿ ಹೋಯ್ತು? ಆದಾಯ ಏರಿದಾಗ ಜನಕ್ಕೆ ಕೈಯಲ್ಲಿ ಜಾಸ್ತಿ ಹಣ ಬೇಕಾಯ್ತು, ಹಣ 500ರಲ್ಲೇ ನಿಂತಿದೆ, ಬಡ್ಡಿ 6ರಿಂದ 8ಕ್ಕೆ ಏರ್ತು, ಹೂಡಿಕೆ 140 ಇದ್ದಿದ್ದು 120ಕ್ಕೆ ಇಳೀತು. ಸರ್ಕಾರ 40 ಹಾಕಿತು, ಖಾಸಗಿಯವ್ರು 20 ತೆಗೆದ್ರು, ಉಳಿದ 20ಕ್ಕೆ 5 ಗುಣಿಸಿ, 100. ಕ್ರೌಡಿಂಗ್ ಔಟ್ ಅಂತ ಮೂರು ಪುಟ ಬರೀತಾರಲ್ಲ, ಅದು ಇಷ್ಟೇ. ಇದನ್ನ ಒಂದ್ಸಲ ನಿಮ್ಮ ಕೈಯಲ್ಲೇ ಬಿಡಿಸಿ, ನೋಡಿ ಓದ್ಬೇಡಿ.

ಪೇಪರಲ್ಲಿ ಆರ್‌ಬಿಐ ರೆಪೋ ದರ (ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ) ನಿಗದಿ ಮಾಡ್ತು ಅಂತ ಬರುತ್ತೆ, ಪುಸ್ತಕದಲ್ಲಿ ಹಣದ ಪೂರೈಕೆ ನಿಗದಿ ಮಾಡುತ್ತೆ ಅಂತಿದೆ. ಯಾವ್ದು ಸರಿ?

ಇದನ್ನ ಕೇಳೋರು ಕಮ್ಮಿ, ಕೇಳಿದೋರು ನಿಜವಾಗ್ಲೂ ಓದ್ತಿದಾರೆ ಅಂತ ಅರ್ಥ. ಮತ್ತೆ ಅದೇ ಮಾತು, ಯಾವ್ದು ಅಲ್ಲಾಡಲ್ಲ? ಹಳೇ ಎಲ್ಎಂ ಗೆರೇಲಿ ಹಣ ಫಿಕ್ಸ್. ಈಗಿನ ಸೆಂಟ್ರಲ್ ಬ್ಯಾಂಕುಗಳು ಬಡ್ಡಿ ಹಿಡ್ಕಂಡು ಅದಕ್ಕೆ ಬೇಕಾದಷ್ಟು ಹಣ ಬಿಡ್ತಾವೆ, ಅದಕ್ಕೇ ಹೊಸ ಪುಸ್ತಕಗಳಲ್ಲಿ ಎಲ್ಎಂ ಅಡ್ಡಗೆರೆ ಆಗಿಬಿಟ್ಟಿದೆ. ಮೇಲಿನ ಅಂಕೀಲೇ ನೋಡಿ: ಆರ್‌ಬಿಐ ಬಡ್ಡಿ 6ರಲ್ಲೇ ಇಡ್ತೀನಿ ಅಂತ ಕೂತ್ರೆ ಆದಾಯ 1800 − 300 = 1500, ಪೂರ್ತಿ 200 ಏರ್ತು. ಆದ್ರೆ ಅದಕ್ಕೆ ಹಣ 500ರಿಂದ 600ಕ್ಕೆ ಏರಿಸ್ಬೇಕಾಗುತ್ತೆ, 0.5 × 1500 − 25 × 6, ಲೆಕ್ಕ ಹಾಕ್ಕಳಿ. ಒಂದೇ ಖರ್ಚು, ಒಂದೇ ದೇಶ, ಬ್ಯಾಂಕು ಏನನ್ನ ಹಿಡ್ಕಂಡಿದೆ ಅನ್ನೋದ್ರ ಮೇಲೆ 100 ಇಲ್ಲಾ 200.

ನಿಜ ಜೀವನದ ಉದಾಹರಣೆ ಬೇಕಂದ್ರೆ, ಕೋವಿಡ್ ಟೈಮಲ್ಲಿ 2020ರ ಮೇ ತಿಂಗ್ಳಲ್ಲಿ ರೆಪೋ 4%ಗೆ ಇಳಿಸಿದ್ರು, ಆಮೇಲೆ 2022ರ ಮೇಯಿಂದ ಏರಿಸ್ತಾ ಏರಿಸ್ತಾ 2023ರ ಫೆಬ್ರವರಿಗೆ 6.5% ಮಾಡಿದ್ರು. ಉತ್ತರದಲ್ಲಿ ಈ ಎರಡು ಸಾಲು ಹಾಕಿ.

ನೋಟ್ ಬ್ಯಾನ್ ಆದಾಗ ಹಣದ ಪೂರೈಕೆ ಕಮ್ಮಿ ಆಯ್ತು ಅಂತ ಬರೀಬಹುದಾ?

ಹುಷಾರು. 2016ರ ನವೆಂಬರ್ 8ಕ್ಕೆ 500, 1000ದ ನೋಟು ಹೋದಾಗ ಚಲಾವಣೇಲಿದ್ದ ನೋಟಿನ ಮೌಲ್ಯದಲ್ಲಿ 86% ಹೋಯ್ತು, ಅದು ನಿಜ. ಆದ್ರೆ ಜನ ಅದನ್ನ ಅಕೌಂಟಿಗೆ ಕಟ್ಟಿದ್ರು, ಹಣದ ಪೂರೈಕೆ ಅಳೆಯೋ ಎಂ3 ಅನ್ನೋದ್ರೊಳಗೆ ಠೇವಣಿನೂ ಇದೆ, ಕಿಸೇಲಿದ್ದಿದ್ದು ಪಾಸ್‌ಬುಕ್ಕಿಗೆ ಹೋಯ್ತು ಅಷ್ಟೇ. ಕಮ್ಮಿ ಆಗಿದ್ದು ಕೈಲಿ ಹಿಡಿಯೋ ಕ್ಯಾಶು. ಮೆಕ್ಕೆಜೋಳ ಮಾರೋ ಸೀಸನ್ನಲ್ಲಿ ಕ್ಯಾಶಿಲ್ದೇ ವ್ಯಾಪಾರ ಮಾಡೋದು ಹೆಂಗಿತ್ತು ಅಂತ ಮನೇಲಿ ಕೇಳಿ, ಹೇಳ್ತಾರೆ.

ಈರುಳ್ಳಿ ರೇಟ್ ಏರಿದ್ರೆ ಅದು ಹಣದುಬ್ಬರನಾ?

ಚಿತ್ರದುರ್ಗದ ಫ್ರೆಂಡ್ ಒಬ್ಬ ಇದನ್ನ ಕೇಳಿದ್ದ, ಅವ್ರ ಮನೇಲಿ ಈರುಳ್ಳಿ ಬೆಳೀತಾರೆ, ರೇಟ್ ಏರಿದ್ರೆ ಅವ್ರಿಗೆ ಹಬ್ಬ. ಒಂದೇ ಸಾಮಾನಿನ ಬೆಲೆ ಏರಿದ್ರೆ ಅದು ಸಾಪೇಕ್ಷ ಬೆಲೆ ಬದಲಾವಣೆ, ಎಲ್ಲಾ ಬೆಲೆಗಳ ಸರಾಸರಿ ಏರ್ತಾ ಹೋದ್ರೆ ಹಣದುಬ್ಬರ. ಆದ್ರೆ ನಮ್ಮ ದೇಶದ ಸಿಪಿಐನಲ್ಲಿ (ಗ್ರಾಹಕ ಬೆಲೆ ಸೂಚ್ಯಂಕ), 2012 ಆಧಾರ ವರ್ಷದ ಸರಣೀಲಿ, ಆಹಾರ ಪಾನೀಯದ ತೂಕವೇ 45.86% ಇತ್ತು, ಅದಕ್ಕೆ ಒಂದು ಮಳೆ ಕೈಕೊಟ್ರೆ ಇಡೀ ಸೂಚ್ಯಂಕ ಕುಣಿಯುತಿತ್ತು. ಆರ್‌ಬಿಐ ಬಡ್ಡಿ ಏರಿಸಿ ಈರುಳ್ಳಿ ಬೆಳೆಯೋಕಾಗಲ್ಲ. ಆದ್ರೂ ಯಾಕೆ ಏರಿಸ್ತಾರೆ ಅಂದ್ರೆ, ಈರುಳ್ಳಿ ಏರಿದ್ದು ನೋಡಿ ಜನ ಎಲ್ಲಾನೂ ಏರುತ್ತೆ ಅಂದ್ಕಂಡು ಕೂಲಿ ಜಾಸ್ತಿ ಕೇಳಿ, ಅದ್ರಿಂದ ನಿಜವಾಗ್ಲೂ ಏರ್ಬಾರ್ದು ಅಂತ.

ಆರ್‌ಬಿಐಗೆ ಕೊಟ್ಟಿರೋ ಹಣದುಬ್ಬರದ ಗುರಿ 4%, ಆ ಕಡೆ ಈ ಕಡೆ 2, ಅಂದ್ರೆ 2ರಿಂದ 6. ಈ ವ್ಯವಸ್ಥೆ 2016ರಲ್ಲಿ ಕಾನೂನಾಯ್ತು, ಬಡ್ಡಿ ನಿಗದಿ ಮಾಡೋಕೆ ಆರು ಜನದ ಕಮಿಟಿ. ಸತತ ಮೂರು ತ್ರೈಮಾಸಿಕ ಈ ಗೆರೆ ದಾಟಿದ್ರೆ ಸರ್ಕಾರಕ್ಕೆ ಕಾರಣ ಬರೆದು ಕೊಡ್ಬೇಕು, 2022ರಲ್ಲಿ ಹಂಗೇ ಆಯ್ತು.

ಇನ್ನೊಂದು, ಹಣದುಬ್ಬರ ಇಳೀತು ಅಂದ್ರೆ ಬೆಲೆ ಇಳೀತು ಅಂತಲ್ಲ. ಸೂಚ್ಯಂಕ 100 ಇದ್ದಿದ್ದು 108 ಆಯ್ತು, ಆಮೇಲೆ 112. ಹಣದುಬ್ಬರ 8%ರಿಂದ ಸುಮಾರು 3.7%ಗೆ ಇಳೀತು, ಬೆಲೆ ಏರ್ತಾನೇ ಇದೆ. ಇದ್ರಲ್ಲಿ ತಪ್ಪು ಮಾಡಿದ್ರೆ ವ್ಯಾಲ್ಯುಯೇಟರ್ ಮುಂದಿಂದು ಓದೋ ಮನಸ್ಸೇ ಮಾಡಲ್ಲ.

ಫಿಲಿಪ್ಸ್ ರೇಖೆ ಒಂದಾ ಎರಡಾ? ಒಂದು ಬಾಗಿದೆ, ಒಂದು ನೆಟ್ಟಗೆ ನಿಂತಿದೆ.

1958ರಲ್ಲಿ ಫಿಲಿಪ್ಸ್ ಬ್ರಿಟನ್ನಿನ 1861ರಿಂದ 1957ರವರೆಗಿನ ಅಂಕಿ ತಗಂಡು ನಿರುದ್ಯೋಗ ಕಮ್ಮಿ ಇದ್ದಾಗ ಕೂಲಿ ಬೇಗ ಏರಿದೆ ಅಂತ ತೋರಿಸ್ದ. ಸರ್ಕಾರಗಳು ಇದನ್ನ ಮೆನು ಕಾರ್ಡ್ ಥರ ನೋಡಿದ್ವು, ಸ್ವಲ್ಪ ಹಣದುಬ್ಬರ ತಡ್ಕಂಡ್ರೆ ಕೆಲಸ ಸಿಗುತ್ತೆ ಅಂತ. 1960ರ ದಶಕದ ಕೊನೇಲಿ ಫ್ರೀಡ್‌ಮನ್, ಫೆಲ್ಪ್ಸ್ ಇಬ್ರೂ ಬೇರೆ ಬೇರೆಯಾಗೇ ಹೇಳಿದ್ರು, ಜನ ಏನು ನಿರೀಕ್ಷೆ ಮಾಡ್ತಾರೆ ಅನ್ನೋದು ಫಿಕ್ಸ್ ಇದ್ರೆ ಮಾತ್ರ ಆ ಬಾಗಿದ ಗೆರೆ. ಜನಕ್ಕೆ ಗೊತ್ತಾದ್ಮೇಲೆ ಕೂಲಿನೂ ಏರಿಸ್ಕಂತಾರೆ, ನಿರುದ್ಯೋಗ ವಾಪಸ್ ಮೊದ್ಲಿದ್ದಲ್ಲಿಗೇ, ಹಣದುಬ್ಬರ ಮಾತ್ರ ಮೇಲೇ ಉಳೀತು. 1970ರ ದಶಕದಲ್ಲಿ ತೈಲ ಬೆಲೆ ಏರಿದಾಗ ಎರಡೂ ಒಟ್ಟಿಗೆ ಏರಿದ್ವು.

ಆ ನೆಟ್ಟಗಿರೋ ಗೆರೆ ನಿಂತಿರೋ ಜಾಗಾನೇ ಸಹಜ ನಿರುದ್ಯೋಗ. ಸಹಜ ಅಂದ್ರೆ ಒಳ್ಳೇದು ಅಂತಲ್ಲ. ಗಿರಣಿ ಮುಚ್ಚಿದಾಗ ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತಿದ್ದೋರಿಗೆ, ಊರಲ್ಲಿ ಬೇಡಿಕೆ ಎಷ್ಟೇ ಇದ್ರೂ, ಅದೇ ಕೈಗೆ ಅದೇ ಕೆಲಸ ಸಿಗಲ್ಲ. ಅದು ರಚನಾತ್ಮಕ ನಿರುದ್ಯೋಗ, ರೆಪೋ ಇಳಿಸಿದ್ರೆ ಹೋಗಲ್ಲ.

ಸೋಲೋ ಮಾಡೆಲ್: ಉಳಿತಾಯ ಜಾಸ್ತಿ ಮಾಡಿದ್ರೆ ಬೆಳವಣಿಗೆ ದರ ಜಾಸ್ತಿ ಆಗಲ್ವಂತೆ?

ಸ್ವಲ್ಪ ಕಾಲ ಆಗುತ್ತೆ, ಆಮೇಲೆ ನಿಲ್ಲುತ್ತೆ. ದೇಶ ದೀರ್ಘಾವಧೀಲಿ ಹೆಂಗೆ ಬೆಳೆಯುತ್ತೆ ಅಂತ ಹೇಳೋ 1956ರ ಮಾಡೆಲ್ ಇದು. ತಲಾ ಉತ್ಪಾದನೆ = ತಲಾ ಬಂಡವಾಳದ ವರ್ಗಮೂಲ, ಸವಕಳಿ 5%, ಜನಸಂಖ್ಯೆ ಬೆಳೆಯಲ್ಲ ಅಂತ ಇಟ್ಕಳಿ. ಉಳಿತಾಯ 20% ಆದ್ರೆ ಬಂಡವಾಳ 16ರಲ್ಲಿ ನಿಲ್ಲುತ್ತೆ, ಉತ್ಪಾದನೆ 4. ಉಳಿತಾಯ 30% ಮಾಡಿ, ಬಂಡವಾಳ 36ಕ್ಕೆ ಹೋಗಿ ನಿಲ್ಲುತ್ತೆ, ಉತ್ಪಾದನೆ 6. 4ರಿಂದ 6ಕ್ಕೆ ಹೋಗೋ ದಾರೀಲಿ ಬೆಳವಣಿಗೆ ಇದೆ, 6 ಮುಟ್ಟಿದ್ಮೇಲೆ ಸೊನ್ನೆ. ಯಾಕಂದ್ರೆ 36 ಮಷಿನ್ ಇದ್ರೆ ವರ್ಷಕ್ಕೆ 1.8 ಸವೆಯುತ್ತೆ, ನೀವು ಉಳಿಸೋದೂ 6ರಲ್ಲಿ 1.8, ಎಲ್ಲಾ ರಿಪೇರಿಗೇ ಸರಿಹೋಯ್ತು. ಅಲ್ಲಿಂದ ಮುಂದಕ್ಕೆ ಬೆಳೀಬೇಕಂದ್ರೆ ತಂತ್ರಜ್ಞಾನ ಬೇಕು. ಆ ತಂತ್ರಜ್ಞಾನ ಎಲ್ಲಿಂದ ಬರುತ್ತೆ ಅಂತ ಸೋಲೋ ಹೇಳಲ್ಲ, ಹೊರಗಿಂದ ಬರುತ್ತೆ ಅಂತ ಇಟ್ಕಂತಾನೆ.

ಮುಂಡೆಲ್–ಫ್ಲೆಮಿಂಗ್ ಬಿಡ್ಬಹುದಾ?

ಬಿಡ್ಬೇಡಿ. ಐಎಸ್–ಎಲ್ಎಂಗೆ ಹೊರದೇಶದ ವ್ಯಾಪಾರ, ಬಂಡವಾಳ ಸೇರಿಸಿದ್ರೆ ಇದು, ಹಂಗಾಗಿ ಅದು ಬಂದ್ರೆ ಇದು ಅರ್ಧ ಬಂದಂಗೆ, ರೂಪಾಯಿ ರೇಟ್ ಫಿಕ್ಸಾ ತೇಲ್ತಿದೆಯಾ ಅಂತ ಮೊದಲ ಸಾಲಲ್ಲೇ ಬರೀರಿ. ಉದಾಹರಣೆಗೆ 1991, ಜುಲೈ 1 ಮತ್ತು 3ಕ್ಕೆ ಎರಡು ಕಂತಲ್ಲಿ ರೂಪಾಯಿ ಅಪಮೌಲ್ಯ, ಬಂಗಾರ ಅಡ ಇಟ್ಟಿದ್ದು.

ಯಾವ ಪುಸ್ತಕ? ಎರಡು ಪುಸ್ತಕ ಓದಿ ಇನ್ನೂ ಕನ್‌ಫ್ಯೂಸ್ ಆಯ್ತು.

ಆಗ್ಲೇಬೇಕು. ಮ್ಯಾಂಕ್ಯೂ ಪುಸ್ತಕ ದೀರ್ಘಾವಧಿಯಿಂದ ಶುರು ಮಾಡಿ ಆಮೇಲೆ ಅಲ್ಪಾವಧಿಗೆ ಬರುತ್ತೆ, ಬ್ಲಾಂಚರ್ಡ್ ಪುಸ್ತಕ ಉಲ್ಟಾ. ಅದ್ರ ಮೂರನೇ ಚಾಪ್ಟರು ಇದ್ರ ಮೂರನೇ ಚಾಪ್ಟರು ಜೋಡಿಸಿ ಓದಿದ್ರೆ ಒಂದ್ರಲ್ಲಿ ಉತ್ಪಾದನೆ ಫಿಕ್ಸು, ಇನ್ನೊಂದ್ರಲ್ಲಿ ಬೆಲೆ ಫಿಕ್ಸು, ತಲೆ ಕೆಡುತ್ತೆ. ಒಂದನ್ನ ಹಿಡಿದು ಮುಗ್ಸಿ. ಗೈಡ್ ಬೇಡ ಅನ್ನಲ್ಲ, ಹಳೇ ಪ್ರಶ್ನೆಪತ್ರಿಕೆ ನೋಡೋಕೆ ಬೇಕಾಗುತ್ತೆ, ಆದ್ರೆ ಗೈಡಲ್ಲಿ ಗೆರೆಗಳ ಬಾಣದ ಗುರುತು ಉಲ್ಟಾ ಇರೋದನ್ನ ನಾನೇ ನೋಡಿದೀನಿ.

ಟ್ಯೂಷನ್ ಬೇಕಾ?

ಬೇಡ. ಇಬ್ರು ಮೂರು ಜನ ಫ್ರೆಂಡ್ಸ್ ಕುಂದುವಾಡ ಕೆರೆ ಏರಿ ಮೇಲೆ ಸಂಜೆ ಕೂತು ಒಬ್ರಿಗೊಬ್ರು ಹೇಳ್ಕಳಿ, ಬಿಳಿ ಹಾಳೆ ತಗಂಡೋಗಿ.

ನಾಳೆ ಬೆಳಗ್ಗೆ ಎಕ್ಸಾಮ್, ಈಗ ರಾತ್ರಿ ಎಂಟು ಗಂಟೆ. ಏನ್ ಓದ್ಲಿ ಅಣ್ಣ?

ಇಂಥ ಮೆಸೇಜ್ ಪ್ರತಿ ವರ್ಷ ಬರುತ್ತೆ, ಪ್ರತಿ ವರ್ಷ ಎಂಟು ಗಂಟೆಗೇ ಬರುತ್ತೆ. ಊಟ ಮಾಡಿ ಕೂತ್ಕಳಿ. ಮೇಲಿನ ಐಎಸ್–ಎಲ್ಎಂ ಲೆಕ್ಕ ಎರಡು ಸಲ ಬಿಡಿಸಿ, ಒಂದ್ಸಲ ಖರ್ಚು ಏರಿಸಿ, ಒಂದ್ಸಲ ಹಣ 500ರಿಂದ 600 ಮಾಡಿ (ಬಡ್ಡಿ 4, ಆದಾಯ 1400 ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ಚಿಹ್ನೆ ತಪ್ಪಿದೆ). ಗುಣಕದ ಮೂರು ರೂಪ, ಸೋಲೋ ಚಿತ್ರ, ಫಿಲಿಪ್ಸ್ ಎರಡು ಗೆರೆ. ಚಿತ್ರಕ್ಕೆ ಅಕ್ಷಗಳ ಹೆಸರು ಹಾಕೋದು ಮರೀತೀರಿ, ಅಲ್ಲೇ ಮಾರ್ಕ್ಸ್ ಹೋಗೋದು. ಹನ್ನೊಂದಕ್ಕೆ ಮಲ್ಕಳಿ, ಬೆಳಗ್ಗೆ ಸ್ಕೇಲು ಪೆನ್ಸಿಲು ಹಾಲ್ ಟಿಕೆಟ್ ತಗಂಡೋಗಿ, ರೈಲ್ವೆ ಗೇಟ್ ದಾಟಿ ಬರೋರಂತೂ ಅರ್ಧ ಗಂಟೆ ಮುಂಚೆನೇ ಹೊರಡಿ.